ಗೌಂಡಿ ಕಾರ್ತೋಲಾ: ಗುಡ್ಡದ ಮೇಲಿನ ಸಾಂಬಾ



ನಮ್ಮ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಬಾಬಾಸಾಹೇಬರ ಬಗ್ಗೆ, ಜೋತಿಬಾ-ಸಾವಿತ್ರಿಬಾಯಿಯವರ ಬಗ್ಗೆ, ಅಣ್ಣಾಭಾವು ಸಾಠೆಯವರ ಬಗ್ಗೆ ನೀವು ಓದೇ ಓದುತ್ತೀರಿ. ಓದಲೇಬೇಕು. ನಾನು ಮಾತ್ರ ಈ ಸಲ ನಿಮ್ಮನ್ನು ಬಹಳ ದೂರ ಕರಕೊಂಡು ಹೋಗ್ತೀನಿ. ಬ್ರೆಜಿಲ್ ದೇಶ, ರಿಯೊ ದೆ ಜನೇರೊ ಪಟ್ಟಣ, ಅಲ್ಲಿಯ ಒಂದು ಜೋಪಡಪಟ್ಟಿ. ಅಲ್ಲಿ ಒಬ್ಬ ಗೌಂಡಿ ಇದ್ದ. ಗೌಂಡಿ ಅಂದರೆ ಮೊದಲು ಬಿಗಾರಿ, ಆಮೇಲೆ ಗೌಂಡಿ. ಪುಣೆಗೆ, ಸೊಲ್ಲಾಪುರಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಈ ಎರಡರ ನಡುವಿನ ಅಂತರ ಗೊತ್ತು. ಆ ಗೌಂಡಿ ಹಾಡು ಕಟ್ಟುತ್ತಿದ್ದ. ಇಪ್ಪತ್ತರ ವಯಸ್ಸಿನಲ್ಲೇ ಅವನ ಹಾಡನ್ನು ಆ ದೇಶದ ದೊಡ್ಡ ದೊಡ್ಡ ಗಾಯಕರು ಹಾಡಿದರು. ಆದರೆ ಅವನದೇ ದನಿಯಲ್ಲಿ, ಅವನದೇ ಹೆಸರಿನಲ್ಲಿ ಮೊದಲ ಪೂರ್ತಿ ರೆಕಾರ್ಡು ಬಂದದ್ದು 1974ರಲ್ಲಿ. ಆಗ ಅವನ ವಯಸ್ಸು 65.

ನಡುವಿನ ನಲವತ್ತೈದು ವರ್ಷ ಅವನು ಎಲ್ಲಿದ್ದ? ಅದನ್ನೇ ಹೇಳಬೇಕಾಗಿದೆ.

ಮೊದಲು ಸಾಂಬಾ ಅಂದರೇನು ಸ್ವಲ್ಪ ತಿಳಕೊಳ್ರಿ. ಟಿವಿಯಲ್ಲಿ ಬಣ್ಣಬಣ್ಣದ ಗರಿ ಕಟ್ಟಿಕೊಂಡು ಕುಣಿಯುವ ಕಾರ್ನಿವಲ್ ನೋಡಿರಬಹುದು. ಅದು ಸಾಂಬಾದ ಮೇಲಿನ ಪೊರೆ. ಒಳಗಿನದು ಬೇರೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾಯ್ದೆಯಿಂದ ರದ್ದಾದದ್ದು 1888ರ ಮೇ 13ರಂದು. ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ ಗುಲಾಮರನ್ನು ಬಿಟ್ಟ ದೇಶ ಅದು. ಬಿಡುಗಡೆಯಾಯಿತು, ಆದರೆ ಒಂದು ಗುಂಟೆ ಭೂಮಿ ಸಿಗಲಿಲ್ಲ. ಆಫ್ರಿಕಾದ ರಕ್ತದ ಆ ಜನ ರಿಯೊಕ್ಕೆ ಬಂದರು, ಯಾರಿಗೂ ಬೇಡವಾದ ಗುಡ್ಡಗಳ ಮೇಲೆ ತಗಡು, ಹಲಗೆ ಜೋಡಿಸಿ ಮನೆ ಮಾಡಿಕೊಂಡರು. ಅವರ ಚರ್ಮವಾದ್ಯ, ಅವರ ಕೈಚಪ್ಪಾಳೆ, ಅವರ ದೇವರ ಪದ ಎಲ್ಲಾ ಕೂಡಿ ಸಾಂಬಾ ಆಯಿತು. ಊರೊಳಗಿನ ದೊಡ್ಡವರಿಗೆ ಅದು ಅಸಹ್ಯ. ಪಂಡೇರೊ ಅಂತ ನಮ್ಮ ಖಂಜಿರದಂಥ ಒಂದು ವಾದ್ಯ ಇದೆ, ಅದು ಕೈಯಲ್ಲಿ ಕಂಡರೆ ಪೊಲೀಸರು ಹಿಡಿಯುತ್ತಿದ್ದರು. ಜೊವಾಂವ್ ದ ಬಯಾನಾ ಅನ್ನುವ ಕಲಾವಿದನ ಪಂಡೇರೊವನ್ನು ಪೊಲೀಸರು ಕಸಿದುಕೊಂಡಾಗ, ಅವನನ್ನು ಮೆಚ್ಚಿದ ಒಬ್ಬ ಸೆನೆಟರ್ ಹೊಸ ಪಂಡೇರೊ ಕೊಡಿಸಿ ಅದರ ಮೇಲೆ ತನ್ನ ಹೆಸರು ಬರೆಸಿಕೊಟ್ಟ. ಮುಂದೆ ಪೊಲೀಸರು ಅದನ್ನು ಮುಟ್ಟಲಿಲ್ಲ. ವಾದ್ಯ ಬಾರಿಸಲಿಕ್ಕೂ ದೊಡ್ಡವರ ಚೀಟಿ ಬೇಕಾಗಿದ್ದ ಕಾಲ ಅದು.

ಅಂಥ ಕಾಲದಲ್ಲಿ, 1908ರ ಅಕ್ಟೋಬರ್ 11ರಂದು, ರಿಯೊದ ಕತೇತೆ ಅನ್ನುವ ಭಾಗದಲ್ಲಿ ನಮ್ಮ ಕತೆಯ ಹುಡುಗ ಹುಟ್ಟಿದ. ಅಪ್ಪ-ಅವ್ವ ಇಟ್ಟ ಹೆಸರು ಅಜೆನೋರ್ ದೆ ಒಲಿವೇರಾ. ಅಪ್ಪನಿಗೆ ಕವಾಕಿನ್ಯೊ ನುಡಿಸಲು ಬರುತ್ತಿತ್ತು. ನಾಲ್ಕು ತಂತಿಯ ಪುಟ್ಟ ವಾದ್ಯ ಅದು, ಗಿಟಾರಿನ ಮರಿ ಅಂದುಕೊಳ್ರಿ. ಹುಡುಗ ಅಪ್ಪನ ಬೆರಳು ನೋಡಿ ಕಲಿತ. ಮೊದಲು ಸ್ವಲ್ಪ ಅನುಕೂಲದ ಮೊಹಲ್ಲಾದಲ್ಲಿದ್ದರು. ಆಮೇಲೆ ರೊಕ್ಕದ ತಾಪತ್ರಯ ಹೆಚ್ಚಿ, ಹುಡುಗನಿಗೆ ಹನ್ನೊಂದು ವರ್ಷವಾದಾಗ ಮನೆಮಂದಿಯೆಲ್ಲಾ ಮಾಂಗೇರಾ ಗುಡ್ಡಕ್ಕೆ ಬಂದರು. ಆಗ ಅಲ್ಲಿ ಇನ್ನೂ ಕೆಲವೇ ಗುಡಿಸಲು.

ಮಾಂಗೇರಾ ಅಂದರೆ ಅವರ ಪೋರ್ಚುಗೀಸ್ ಭಾಷೆಯಲ್ಲಿ ಮಾವಿನ ಗಿಡ. ಮಾವನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ದವರು ಪೋರ್ಚುಗೀಸರು. ಆ ಮಾಂಗಾ ಅನ್ನುವ ಶಬ್ದವೂ ನಮ್ಮ ದಕ್ಷಿಣದ ಮಲಯಾಳದಿಂದಲೇ ಹೋದದ್ದು. ಹೀಗಾಗಿ ಆ ಗುಡ್ಡದ ಹೆಸರು ಕೇಳಿದಾಗ ನನಗಂತೂ ಪರವೂರು ಅನ್ನಿಸಲಿಲ್ಲ.

ಹದಿಹರೆಯದಲ್ಲಿ ಅವ್ವ ತೀರಿಕೊಂಡಳು. ಅವ್ವ ಹೋದ ಮೇಲೆ ಅಪ್ಪ-ಮಗನಿಗೆ ಹೊಂದಲಿಲ್ಲ. ಅಪ್ಪ ಮನೆಬಿಟ್ಟು ಹಾಕಿದ. ಶಾಲೆ ನಾಲ್ಕನೇ ಇಯತ್ತೆಗೆ ಮುಗಿದಿತ್ತು. ಹುಡುಗ ಎಲ್ಲೆಂದರಲ್ಲಿ ಮಲಗುವುದು, ಸಿಕ್ಕದ್ದು ತಿನ್ನುವುದು, ಕುಡಿಯುವುದು, ರೋಗ ತಂದುಕೊಳ್ಳುವುದು, ಹಿಂಗ ನಡೆದಿತ್ತು. ಪಕ್ಕದ ಗುಡಿಸಲಿನ ದೆಯೊಲಿಂಡಾ ಅನ್ನುವ ಹೆಣ್ಣುಮಗಳು ಅವನಿಗೆ ಉಣ್ಣಲು ಕೊಟ್ಟು, ಔಷಧ ಮಾಡಿ ಉಳಿಸಿದಳು. ಅವಳು ಅವನಿಗಿಂತ ಏಳು ವರ್ಷ ದೊಡ್ಡವಳು, ಮದುವೆಯಾಗಿ ಮಗಳಿದ್ದವಳು. ಕೊನೆಗೆ ಗಂಡನನ್ನು ಬಿಟ್ಟು ಇವನ ಜೊತೆಗೇ ಇದ್ದಳು. ಹದಿನೆಂಟರ ಹುಡುಗ ಸಂಸಾರಸ್ಥನಾದ. ಇದನ್ನು ಸರಿ-ತಪ್ಪು ಅಂತ ತೂಗಲು ಹೋಗಬ್ಯಾಡ್ರಿ. ಆ ಹೆಣ್ಣುಮಗಳು ಇಲ್ಲದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಹೊಟ್ಟೆಗಾಗಿ ಕಟ್ಟಡ ಕೆಲಸಕ್ಕೆ ಹೋದ. ಮೇಲಿನಿಂದ ಸಿಮೆಂಟು ತಲೆಗೆ ಬಿದ್ದು ಕೂದಲು ಗಟ್ಟಿಯಾಗುತ್ತದೆ, ತೊಳೆದರೂ ಹೋಗುವುದಿಲ್ಲ. ಗೌಂಡಿಗಳು ಟಾವೆಲ್ ಸುತ್ತಿಕೊಳ್ಳುತ್ತಾರೆ. ಈ ಹುಡುಗ ಶೋಕಿಯವ. ಸಾಹೇಬರು ಹಾಕುವ ಗುಂಡು ಟೋಪಿ ಒಂದನ್ನು ಸಂಪಾದಿಸಿ ಅದನ್ನು ಹಾಕಿಕೊಂಡು ಕೆಲಸಕ್ಕೆ ಬರತೊಡಗಿದ. ಮೈಮೇಲೆ ಹರಕು ಅಂಗಿ, ತಲೆಮೇಲೆ ಸಾಹೇಬನ ಟೋಪಿ! ಜೊತೆಯ ಕೆಲಸಗಾರರು ನಕ್ಕು ಕಾರ್ತೋಲಾ ಅಂತ ಕರೆದರು. ಕಾರ್ತೋಲಾ ಅಂದರೆ ದೊಡ್ಡವರ ಎತ್ತರದ ಟೋಪಿ. ಚೇಷ್ಟೆಗೆ ಇಟ್ಟ ಹೆಸರು ಸಾಯುವತನಕ ಉಳಿಯಿತು. ಚೇಷ್ಟೆ ಮಾತ್ರ ಉಳಿಯಲಿಲ್ಲ.

ಗುಡ್ಡದಲ್ಲಿ ಅವನಿಗೆ ಒಬ್ಬ ಗೆಳೆಯ ಸಿಕ್ಕ. ಕಾರ್ಲೋಸ್ ಕಶಾಸಾ. ಆರು ವರ್ಷ ದೊಡ್ಡವನು, ರೈಲ್ವೆಯಲ್ಲಿ ನೌಕರಿ. ಕಶಾಸಾ ಅಂದರೆ ಕಬ್ಬಿನಿಂದ ಇಳಿಸುವ ದಾರು. ಹೆಸರು ಯಾಕೆ ಬಂತು ಅಂತ ಕಬ್ಬಿನ ಸೀಮೆಯವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಬ್ಬರೂ ಕೂಡಿ ಹಾಡು ಕಟ್ಟಿದರು. ಒಬ್ಬ ಮೊದಲ ಭಾಗ ಮಾಡಿದರೆ ಇನ್ನೊಬ್ಬ ಎರಡನೇ ಭಾಗ. 1925ರಲ್ಲಿ ಗುಡ್ಡದ ಪುಂಡ ಹುಡುಗರದೊಂದು ಗುಂಪು ಮಾಡಿಕೊಂಡರು. ಅದರ ಹೆಸರಿಗೆ ಕನ್ನಡದಲ್ಲಿ ಜಗಳಗಂಟರ ಮೇಳ ಅನ್ನಬಹುದು. ಹೆಸರಿಗೆ ತಕ್ಕ ಹಾಗೆ ಕಾರ್ನಿವಲ್‌ನಲ್ಲಿ ಹೊಡೆದಾಟ, ಪೊಲೀಸು. ಆಮೇಲೆ ಅವರಿಗೇ ಬೇಸರ ಬಂತು. ಗುಡ್ಡದ ಎಲ್ಲ ಗುಂಪುಗಳನ್ನೂ ಒಂದು ಮಾಡೋಣ, ಹೆಂಗಸರು-ಮಕ್ಕಳು-ಮುದುಕರು ಎಲ್ಲರೂ ಮರ್ಯಾದೆಯಿಂದ ಬರುವಂಥದ್ದು ಮಾಡೋಣ ಅಂತ ಏಳೆಂಟು ಜನ ಕೂತು 1928ರ ಏಪ್ರಿಲ್ 28ರಂದು ಒಂದು ಸಂಸ್ಥೆ ಕಟ್ಟಿದರು. ಎಸ್ತಸಾಂವ್ ಪ್ರಿಮೇರಾ ದೆ ಮಾಂಗೇರಾ. ಅಂದರೆ ಮಾಂಗೇರಾ ಮೊದಲ ನಿಲ್ದಾಣ. ಮುಖ್ಯ ಸ್ಟೇಷನ್ನಿನಿಂದ ರೈಲು ಹತ್ತಿದರೆ ಸಾಂಬಾ ಸಿಗುವ ಮೊದಲ ಸ್ಟಾಪು ತಮ್ಮದು ಅನ್ನುವ ಅಭಿಮಾನ. ಹೆಸರು ಆರಿಸಿದವನು ಕಾರ್ತೋಲಾ. ಹಸಿರು ಮತ್ತು ಗುಲಾಬಿ ಬಣ್ಣ ಆರಿಸಿದವನೂ ಅವನೇ. ಸಣ್ಣವನಿದ್ದಾಗ ನೋಡಿದ ಕಾರ್ನಿವಲ್ ಮೇಳವೊಂದರ ಬಣ್ಣ ಅದು. ಈ ಎರಡು ಬಣ್ಣ ಕೂಡುವುದಿಲ್ಲ ಅಂತ ಆಡಿಕೊಂಡವರಿದ್ದರು. ಇವತ್ತು ಜಗತ್ತಿಗೆಲ್ಲಾ ಮಾಂಗೇರಾದ ಗುರುತು ಅದೇ.

ಇಂಥ ಸಂಸ್ಥೆಗೆ ಅಲ್ಲಿ ಸಾಂಬಾ ಶಾಲೆ ಅನ್ನುತ್ತಾರೆ. ಪಾಟಿ-ಪೆನ್ಸಿಲ್ಲಿನ ಶಾಲೆಯಲ್ಲ. ನಮ್ಮ ತರುಣ ಮಂಡಳ ಇದೆಯಲ್ಲಾ, ಅಂಥಾದ್ದು. ವರ್ಗಣಿ ಎತ್ತುವುದು, ಮೆರವಣಿಗೆ ತಯಾರಿ, ಮಳೆಗೆ ಮನೆ ಬಿದ್ದವರಿಗೆ ಸಹಾಯ, ಎಲ್ಲಾ ಅದರಲ್ಲೇ. ಇಷ್ಟೊತ್ತು ನಾನು ಕಾರ್ತೋಲಾರನ್ನು ಅವನು-ಇವನು ಅಂದೆ, ಹುಡುಗ ಅಂತ. ಇನ್ನು ಮುಂದೆ ಅವರು ಅಂತೀನಿ. ನಮ್ಮ ಅಜ್ಜಂದಿರು ಮುಪ್ಪಾದರೂ ಊರವರ ಬಾಯಲ್ಲಿ ಏಕವಚನದಲ್ಲೇ ಇದ್ದರು. ಒಂದು ಸಂಘ ಕಟ್ಟಿದ ಮನುಷ್ಯನಿಗೆ ನಾನಾದರೂ ಅದನ್ನು ಮಾಡಬಾರದು.

ವರ್ಷ ನೆನಪಿಡ್ರಿ, 1928. ಅದಕ್ಕೆ ಒಂದು ವರ್ಷ ಮೊದಲು, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದರು. ಅವರ ಸುದ್ದಿ ಇವರಿಗಿಲ್ಲ, ಇವರ ಸುದ್ದಿ ಅವರಿಗಿಲ್ಲ. ಕಾಲ ಮಾತ್ರ ಒಂದೇ.

ಇಲ್ಲಿ ವಾದ್ಯದ ಮಾತು ಬಂತು. ಸಾಂಬಾದ ಎದೆಬಡಿತ ಅಂದರೆ ಸುರ್ದು ಅನ್ನುವ ದೊಡ್ಡ ಢೋಲು. ಅದನ್ನು ಮಾಡಿದ ಕೀರ್ತಿ ಬೀಡೆ ಅನ್ನುವ ಕಲಾವಿದನಿಗೆ ಹೋಗುತ್ತದೆ. ಎಸ್ತಾಸಿಯೊ ಅನ್ನುವ ಬಡವರ ಪೇಟೆಯವನು, ಉದ್ಯೋಗ ಚಪ್ಪಲಿ-ಬೂಟು ಹೊಲಿಯುವುದು. ಬೆಣ್ಣೆ ತುಂಬುವ ದೊಡ್ಡ ತಗಡಿನ ಡಬ್ಬಿಯನ್ನು ತೆಗೆದುಕೊಂಡು ಅದಕ್ಕೆ ಮುಚ್ಚಿಗೆ ಬಿಗಿದು ಬಾರಿಸಿದ. ಮೆರವಣಿಗೆಯ ಸಾವಿರ ಕಾಲುಗಳನ್ನು ಒಂದೇ ಹೆಜ್ಜೆಗೆ ತರುವ ಸಪ್ಪಳ ಹುಟ್ಟಿತು. ಉಳಿದ ಶಾಲೆಗಳಲ್ಲಿ ಒಂದು ಸುರ್ದುವಿಗೆ ಇನ್ನೊಂದು ಸುರ್ದು ಉತ್ತರ ಕೊಡುತ್ತದೆ. ಮಾಂಗೇರಾದಲ್ಲಿ ಹಾಗಿಲ್ಲ, ಒಂದೇ ಪೆಟ್ಟು, ಅದಕ್ಕೆ ಜವಾಬು ಇಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದರೂ ಇದು ಮಾಂಗೇರಾ ಅಂತ ಗೊತ್ತಾಗುತ್ತದೆ.

ಇದನ್ನು ಓದಿದ ಕೂಡಲೇ ನಿಮಗೆ ಹಲಗಿ ನೆನಪಾಗಿರಬೇಕು. ನನಗೂ ಆಯಿತು. ಫ್ಯಾಂಡ್ರಿ ಸಿನಿಮಾ ಮಾಡಿದ ನಾಗರಾಜ ಮಂಜುಳೆ ನಮ್ಮ ಸೊಲ್ಲಾಪುರ ಜಿಲ್ಲೆಯವರೇ, ಕರಮಾಳಾ ಕಡೆಯವರು. ಅದರ ನಾಯಕ ಹುಡುಗನನ್ನು ಅವರು ಕಂಡದ್ದೂ ಹಲಗಿ ಬಾರಿಸುವಾಗಲೇ. ಆದರೆ ಬ್ರೆಜಿಲ್‌ನವರು ಢೋಲು ಹಿಡಿದು ಮೆರೆದರು, ನಾವೂ ಹಲಗಿ ಹಿಡಿದು ಮೆರೆಯೋಣ ಅಂತ ಇಷ್ಟು ಸಸಾರವಾಗಿ ಹೇಳಲಿಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಹಿರಿಯರು ಹಲಗಿ ಕೆಳಗಿಟ್ಟದ್ದಕ್ಕೆ ಕಾರಣ ಇತ್ತು. ಊರವರ ಹೆಣದ ಮುಂದೆ, ಊರವರ ಜಾತ್ರೆಯಲ್ಲಿ, ಹೇಳಿಕಳಿಸಿದ ಕೂಡಲೇ ಹೋಗಿ ಬಾರಿಸಬೇಕು, ದೂರ ನಿಲ್ಲಬೇಕು, ಕೊಟ್ಟದ್ದು ಸೆರಗಿನಲ್ಲಿ ಹಿಡಿದುಕೊಳ್ಳಬೇಕು. ಇಂಥ ಹೀನ ಕೆಲಸ ಬಿಡ್ರಿ ಅಂತ ಬಾಬಾಸಾಹೇಬರು ಹೇಳಿದಾಗ ಹಿರಿಯರು ಬಿಟ್ಟರು. ಅದು ಅವರ ಹೋರಾಟ. ಮಾಂಗೇರಾದಲ್ಲಿ ಢೋಲಿನ ಮೇಲೆ ಪೊಲೀಸರ ಲಾಠಿ ಇತ್ತೇ ವಿನಾ ಊರಗೌಡನ ಹುಕುಂ ಇರಲಿಲ್ಲ. ಅಲ್ಲಿ ಬಾರಿಸುವುದೇ ಬಂಡಾಯ, ಇಲ್ಲಿ ಬಾರಿಸದಿರುವುದು ಬಂಡಾಯ. ಚರ್ಮ ಒಂದೇ, ಪೆಟ್ಟು ಒಂದೇ, ಯಾರು ಯಾರಿಗಾಗಿ ಬಾರಿಸುತ್ತಾರೆ ಅನ್ನುವುದು ಬೇರೆ. ಈಗ ನಮ್ಮದೇ ಜಯಂತಿಗೆ, ನಮ್ಮ ಖುಷಿಗೆ ಹಲಗಿ-ಲೇಜಿಮ್ ಹಿಡಿಯಬೇಕೋ, ಬಾಡಿಗೆ ಡಿಜೆಯೇ ಸಾಕೋ, ಅದನ್ನು ಸಂಘದ ಸಭೆಯಲ್ಲಿ ಹಿರಿಯರನ್ನು ಕೂಡಿಸಿಕೊಂಡು ಮಾತಾಡಬೇಕು. ನನ್ನ ಮತ ಹಲಗಿಯ ಕಡೆಗೆ ಅಂತ ಮಾತ್ರ ಇಲ್ಲಿ ಬರೆದಿಡ್ತೀನಿ.

ಮತ್ತೆ ಕಾರ್ತೋಲಾರ ಕಡೆ ಬರೋಣ. ಸುಮಾರು ಆ ಹೊತ್ತಿಗೇ ಗುಡ್ಡಕ್ಕೆ ಒಬ್ಬ ಬಂದು, ಮಾರಿಯೊ ರೇಯಿಸ್ ಅನ್ನುವ ದೊಡ್ಡ ಗಾಯಕರು ನಿಮ್ಮ ಹಾಡು ಕೊಳ್ಳಬೇಕಂತಾರೆ ಅಂದ. ಕಾರ್ತೋಲಾರಿಗೆ ಅರ್ಥವೇ ಆಗಲಿಲ್ಲ. ಹಾಡನ್ನು ಕೊಳ್ಳುವುದು ಅಂದರೇನು? ಹಿಟ್ಟು ಕೊಳ್ಳಬಹುದು, ಇಟ್ಟಂಗಿ ಕೊಳ್ಳಬಹುದು. ಕೊನೆಗೆ 300 ಮಿಲ್-ರೇಯಿಸ್‌ಗೆ ವ್ಯವಹಾರ ಕುದುರಿತು. ಅಷ್ಟು ರೊಕ್ಕ ಒಮ್ಮೆಲೇ ಕೈಗೆ ಬಂದದ್ದು ಬಿಗಾರಿಗೆ ಬೆರಗು. ಆ ಹಾಡು ಮಾರಿಯೊ ರೇಯಿಸ್‌ರ ದನಿಗೆ ಹೊಂದದೆ, 1929ರಲ್ಲಿ ಫ್ರಾನ್ಸಿಸ್ಕೊ ಆಲ್ವಿಸ್ ಅನ್ನುವ ಇನ್ನೂ ದೊಡ್ಡ ಗಾಯಕರು ಅದನ್ನು ರೆಕಾರ್ಡು ಮಾಡಿದರು. ಆ ಕಾಲದಲ್ಲಿ ಗುಡ್ಡದ ಬಡವರಿಂದ ಹಾಡು ಕೊಂಡು ಅದರ ಮೇಲೆ ತಮ್ಮ ಹೆಸರನ್ನೂ ಹಾಕಿಸಿಕೊಳ್ಳುವ ಗಾಯಕರಿದ್ದರು. ಕಾರ್ತೋಲಾರು ಅಲ್ಲಿ ಗಟ್ಟಿ ನಿಂತರು. ಹಾಡುವ ಹಕ್ಕು ಮಾರಿದರು, ಕಟ್ಟಿದವನು ತಾನು ಅನ್ನುವ ಹೆಸರು ಬಿಡಲಿಲ್ಲ. ನಾಲ್ಕನೇ ಇಯತ್ತೆ ಕಲಿತ ಮನುಷ್ಯ, ಆದರೆ ಕಾಗದದ ಮೇಲೆ ಹೆಸರು ಅಂದರೇನು ಅಂತ ಅವರಿಗೆ ತಿಳಿದಿತ್ತು. ಜಲಸೆ, ಲಾವಣಿ, ಭೀಮಗೀತೆ ಹಾಡುವ ನಮ್ಮ ಮಂದಿಯಲ್ಲಿ ಪದ ಯಾರು ಕಟ್ಟಿದರು ಅಂತ ಕೇಳಿದರೆ ಎಷ್ಟು ಸಲ ಉತ್ತರ ಸಿಗುತ್ತದೆ? ವಾಮನದಾದಾ ಕರ್ಡಕರಂಥ ಕೆಲವರ ಹೆಸರು ಉಳಿದಿದೆ, ಉಳಿದವರದು ಗಾಳಿಗೆ ಹೋಯಿತು.

ಗಾಯಕಿ ಕಾರ್ಮೆನ್ ಮಿರಾಂದಾ ಕೂಡ, ಮುಂದೆ ಹಾಲಿವುಡ್‌ನಲ್ಲಿ ತಲೆಮೇಲೆ ಹಣ್ಣಿನ ಬುಟ್ಟಿ ಹೊತ್ತು ಹೆಸರಾದವರು, ಕಾರ್ತೋಲಾರ ಹಾಡು ಹಾಡಿದರು. ನೊಯೆಲ್ ರೋಸಾ ಅನ್ನುವ ಬಿಳಿಯ ತರುಣ, ಡಾಕ್ಟರಿಕೆ ಓದು ಅರ್ಧಕ್ಕೆ ಬಿಟ್ಟವನು, ಗುಡ್ಡ ಹತ್ತಿ ಬಂದು ಕಾರ್ತೋಲಾರ ಗುಡಿಸಲಿನಲ್ಲಿ ಮಲಗುತ್ತಿದ್ದ, ದೆಯೊಲಿಂಡಾಳ ಕೈಯ ಅಡುಗೆ ಉಣ್ಣುತ್ತಿದ್ದ. ಇಬ್ಬರೂ ಕೂಡಿ ಹಾಡು ಮಾಡಿದರು. ಆ ನೊಯೆಲ್ ಕ್ಷಯದಿಂದ ಇಪ್ಪತ್ತಾರಕ್ಕೇ ಹೋದ. 1932ರಲ್ಲಿ ಒಂದು ಪತ್ರಿಕೆ ಸಾಂಬಾ ಶಾಲೆಗಳ ಮೊದಲ ಸ್ಪರ್ಧೆ ಇಟ್ಟಾಗ ಗೆದ್ದದ್ದು ಮಾಂಗೇರಾ. ಹಾಡು ಕಾರ್ತೋಲಾ ಮತ್ತು ಕಾರ್ಲೋಸರದು.

1940ರ ಆಗಸ್ಟ್ ತಿಂಗಳ ಘಟನೆಯನ್ನು ಬಿಡುವ ಹಾಗಿಲ್ಲ. ಅಮೆರಿಕದ ದೊಡ್ಡ ವಾದ್ಯಮೇಳದ ನಿರ್ದೇಶಕ ಸ್ಟೊಕೊವ್ಸ್ಕಿ ಹಡಗಿನಲ್ಲಿ ರಿಯೊಕ್ಕೆ ಬಂದರು. ನಿಮ್ಮ ದೇಶದ ಖರೆ ಸಂಗೀತ ಕೇಳಿಸಿರಿ ಅಂತ ಬ್ರೆಜಿಲ್‌ನ ಹೆಸರಾಂತ ಸಂಗೀತಗಾರ ವಿಲ್ಲಾ-ಲೋಬೋಸರನ್ನು ಕೇಳಿಕೊಂಡರು. ವಿಲ್ಲಾ-ಲೋಬೋಸ್ ಯಾವ ಅರಮನೆಯವರನ್ನೂ ಕರೆಯಲಿಲ್ಲ. ಪಿಶಿಂಗಿನ್ಯಾ, ಡೊಂಗಾ, ಮೇಲೆ ಹೇಳಿದ ಜೊವಾಂವ್ ದ ಬಯಾನಾ, ಮತ್ತು ಕಾರ್ತೋಲಾರನ್ನು ಕರೆಸಿದರು. ಉರುಗ್ವೇ ಅನ್ನುವ ಆ ಹಡಗಿನೊಳಗೇ ರೆಕಾರ್ಡಿಂಗ್ ನಡೆಯಿತು. ಕಾರ್ಲೋಸರ ಜೊತೆ ಕಟ್ಟಿದ ಒಂದು ಸಾಂಬಾವನ್ನು ಕಾರ್ತೋಲಾ ಹಾಡಿದರು. 1942ರಲ್ಲಿ ಅದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಆಗ ಬ್ರೆಜಿಲ್‌ನ ಅಂಗಡಿಗೆ ಬರಲಿಲ್ಲ. ಹಾಡಿದವರ ಕೈಗೆ ಬಂದ ರೊಕ್ಕ ಬೀಡಿ-ಸಿಗರೇಟಿಗೆ ಸಾಲುವಷ್ಟು. ತಮ್ಮ ದನಿ ಸಮುದ್ರ ದಾಟಿ ಹೋಯಿತು, ತಾವು ಮತ್ತೆ ಗುಡ್ಡ ಹತ್ತಿ ಮನೆಗೆ ಬಂದರು.

ಅಲ್ಲಿಂದ ಇಳಿಜಾರು. 1940ರ ದಶಕದ ನಡುವಿನಲ್ಲಿ ಕಾರ್ತೋಲಾರಿಗೆ ಮೆದುಳುಜ್ವರ ಬಂತು, ಸಾಯುವುದೊಂದು ಬಾಕಿ. ದೆಯೊಲಿಂಡಾ ಆರೈಕೆ ಮಾಡಿ ಉಳಿಸಿಕೊಂಡಳು. ಆಮೇಲೆ ಸ್ವಲ್ಪ ದಿನಕ್ಕೆ ತಾನೇ ಹೃದಯಾಘಾತದಿಂದ ಹೋದಳು. ತಾವು ಕಟ್ಟಿದ ಶಾಲೆಯಲ್ಲೂ ಹೊಸಬರು ಬಂದಿದ್ದರು, ಇವರ ಮಾತು ನಡೆಯುತ್ತಿರಲಿಲ್ಲ. ಇನ್ನೊಬ್ಬಳ ಜೊತೆ ಗುಡ್ಡ ಬಿಟ್ಟು ಹೋದರು. ಕುಡಿತ ಹೆಚ್ಚಾಯಿತು, ಗಿಟಾರ್ ಕೈಬಿಟ್ಟಿತು. ಕಾರ್ತೋಲಾ ಸತ್ತರಂತೆ ಅಂತ ಸುದ್ದಿಯೂ ಹಬ್ಬಿತು. ಬದುಕಿದ್ದವರಿಗೆ ಶ್ರದ್ಧಾಂಜಲಿಯ ಹಾಡು ಕಟ್ಟಿದವರೂ ಇದ್ದರು.

ಅವರನ್ನು ಹುಡುಕಿ ತಂದವಳು ಝೀಕಾ. ಮಾಂಗೇರಾದವಳೇ, ವಿಧವೆ, ದುಡಿದು ತಿನ್ನುವವಳು, ಕಾರ್ಲೋಸರ ಹೆಂಡತಿಯ ತಂಗಿ. 1950ರ ದಶಕದ ಮೊದಲಲ್ಲಿ ಅವರನ್ನು ಕಂಡು, ಕುಡಿತದಿಂದ ಬಿಡಿಸಿ, ಕೈಹಿಡಿದು ಗುಡ್ಡಕ್ಕೆ ಕರೆತಂದಳು. ಎರಡು ಸಲ ಈ ಮನುಷ್ಯನನ್ನು ಬದುಕಿಸಿದವರು ಹೆಣ್ಣುಮಕ್ಕಳು. ಬ್ರೆಜಿಲ್‌ನ ಸಂಗೀತದ ಇತಿಹಾಸದಲ್ಲಿ ಝೀಕಾಳ ಹೆಸರು ಎಲ್ಲರಿಗೂ ಗೊತ್ತು, ದೆಯೊಲಿಂಡಾಳ ಹೆಸರು ಅಷ್ಟು ಕೇಳುವುದಿಲ್ಲ. ಅದಕ್ಕೇ ನಾನು ಇಲ್ಲಿ ಎರಡೂ ಬರೆದೆ.

ಆ ದಶಕದಲ್ಲೇ ಒಂದು ರಾತ್ರಿ ಸೆರ್ಜಿಯೊ ಪೋರ್ತೊ ಅನ್ನುವ ಪತ್ರಕರ್ತರು ಇಪನೇಮಾ ಅನ್ನುವ ಶ್ರೀಮಂತರ ಭಾಗದಲ್ಲಿ, ಕಾರು ತೊಳೆಯುವ ಒಬ್ಬ ತೆಳ್ಳಗಿನ ಕರಿಯ ಮುದುಕನನ್ನು ನೋಡಿದರು. ಮೈಮೇಲೆ ಒದ್ದೆ ಬಟ್ಟೆ. ದಿಟ್ಟಿಸಿ ನೋಡಿದರೆ ಕಾರ್ತೋಲಾ! ಮುದುಕ ಅಂದೆ, ಆಗಿನ್ನೂ ಐವತ್ತೂ ಆಗಿರಲಿಲ್ಲ. ಪತ್ರಕರ್ತರು ರೇಡಿಯೊಕ್ಕೆ ಕರೆದೊಯ್ದರು, ಪತ್ರಿಕೆಯಲ್ಲಿ ಬರೆದರು. ಹಂಗಂತ ರಾತ್ರೋರಾತ್ರಿ ಬದುಕು ಬದಲಾಗಲಿಲ್ಲ. ಒಂದು ಪತ್ರಿಕಾ ಕಚೇರಿಯಲ್ಲಿ, ಆಮೇಲೆ ಒಂದು ಸರ್ಕಾರಿ ಖಾತೆಯಲ್ಲಿ ಶಿಪಾಯಿ ಕೆಲಸ ಸಿಕ್ಕಿತು. ಫೈಲು ಒಯ್ಯುವುದು, ಸಾಹೇಬರಿಗೆ ಕಾಫಿ ಕೊಡುವುದು. ತಿಂಗಳ ಪಗಾರ ಬಂತಲ್ಲಾ, ಅದೇ ದೊಡ್ಡದು.

1963ರಲ್ಲಿ ಝೀಕಾ ಮತ್ತು ಕಾರ್ತೋಲಾ ಊರ ನಡುವಿನ ಕರಿಯೋಕಾ ರಸ್ತೆಯಲ್ಲಿ ಒಂದು ಖಾನಾವಳಿ ಶುರುಮಾಡಿದರು. ಇಬ್ಬರ ಹೆಸರೂ ಸೇರಿಸಿ ಝೀಕಾರ್ತೋಲಾ. ಒಲೆಯ ಮುಂದೆ ಝೀಕಾ, ಗಿಟಾರ್ ಹಿಡಿದು ಕಾರ್ತೋಲಾ. ಗುಡ್ಡದ ಮುದಿ ಸಾಂಬಾದವರೂ ಕಾಲೇಜು ಕಲಿಯುವ ಹುಡುಗ-ಹುಡುಗಿಯರೂ ಒಂದೇ ಬಾಕಿನ ಮೇಲೆ ಕೂತು ಉಂಡದ್ದು ಅಲ್ಲಿ. ನೆಲ್ಸನ್ ಕವಾಕಿನ್ಯೊ, ಝೆ ಕೇತಿ, ಎಲ್ಟನ್ ಮೆದೇರೋಸ್ ಎಲ್ಲರೂ ಬರುತ್ತಿದ್ದರು. ಬ್ಯಾಂಕಿನಲ್ಲಿ ಕಾರಕೂನ ಆಗಿದ್ದ ಒಬ್ಬ ನಾಚಿಕೆ ಸ್ವಭಾವದ ತರುಣನಿಗೆ ಹಾಡಿದ್ದಕ್ಕೆ ಮೊದಲ ಕೂಲಿ ಸಿಕ್ಕದ್ದೂ ಅಲ್ಲೇ. ಅವರು ಮುಂದೆ ಪೌಲಿನ್ಯೊ ದ ವಿಯೋಲಾ ಅಂತ ದೇಶಕ್ಕೇ ಹೆಸರಾದರು. ಸುಖವಾಗಿ ಬೆಳೆದ ನಾರಾ ಲೆಯಾಂವ್ ಅನ್ನುವ ಗಾಯಕಿ, ಕಾರ್ತೋಲಾ ಮತ್ತು ಎಲ್ಟನ್ ಕೂಡಿ ಕಟ್ಟಿದ, ಸೂರ್ಯ ಹುಟ್ಟುತ್ತಾನೆ ಅನ್ನುವ ಅರ್ಥದ ಹಾಡನ್ನು 1964ರಲ್ಲಿ ತಮ್ಮ ರೆಕಾರ್ಡಿನಲ್ಲಿ ಹಾಡಿದರು. ಅದೇ ವರ್ಷ ಆ ದೇಶದಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಖಾನಾವಳಿ 1965ರಲ್ಲಿ ಮುಚ್ಚಿತು. ಉಂಡವರಿಂದ ರೊಕ್ಕ ಕೇಳಲು ಬಾರದವರು ಖಾನಾವಳಿ ನಡೆಸಿದರೆ ಹಾಗೇ ಆಗುವುದು.

1964ರಲ್ಲೇ ಇಬ್ಬರೂ ಕಾಯ್ದೆ ಪ್ರಕಾರ ಮದುವೆಯಾದರು. ಅದಕ್ಕೆ ಜನ್ಮದಾಖಲೆ ತೆಗೆಸಿದಾಗ ಒಂದು ವಿಚಿತ್ರ ಬಯಲಾಯಿತು. ಹುಟ್ಟಿದಾಗ ಬರೆದುಕೊಂಡ ಕಾರಕೂನ ಅಜೆನೋರ್ ಬದಲು ಅಂಜೆನೋರ್ ಅಂತ ಬರೆದಿದ್ದ. ಐವತ್ತೈದು ವರ್ಷ ತನ್ನ ಹೆಸರೇ ತನಗೆ ಗೊತ್ತಿರಲಿಲ್ಲ! ತಿದ್ದಿಸಲು ಕಚೇರಿಗೆ ಅಲೆಯಬೇಕು, ರೊಕ್ಕ ಕೊಡಬೇಕು. ಬಿಟ್ಟುಬಿಟ್ಟರು, ಅಂದಿನಿಂದ ಅಂಜೆನೋರ್ ಅಂತಲೇ ಸಹಿ ಮಾಡಿದರು. ಶಾಲೆ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಜಾತಿ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದು, ಕನ್ನಡದ ಹೆಸರನ್ನು ಮರಾಠಿಯಲ್ಲಿ ತಿರುವಿ ಬರೆಸಿಕೊಂಡು ತಹಶೀಲಿಗೆ ಅಲೆದ ನಮ್ಮೂರ ಮಂದಿಗೆ ಇದು ಹೊಸದಲ್ಲ.

ಇನ್ನು 1974. ಮಾರ್ಕುಸ್ ಪೆರೇರಾ ಅನ್ನುವ ಜಾಹೀರಾತು ವ್ಯವಹಾರದವರು ಬ್ರೆಜಿಲ್‌ನ ಜನರ ಸಂಗೀತಕ್ಕಾಗಿಯೇ ಒಂದು ಸಣ್ಣ ರೆಕಾರ್ಡು ಕಂಪನಿ ಮಾಡಿದ್ದರು. ಪೆಲಾಂವ್ ಅಂತ ಕರೆಯುವ ನಿರ್ಮಾಪಕ ಅವರ ಬೆನ್ನು ಹತ್ತಿ ಕಾರ್ತೋಲಾರ ರೆಕಾರ್ಡು ಮಾಡಿಸಿದರು. ಹೆಸರು ಬರೇ 'ಕಾರ್ತೋಲಾ'. ಹನ್ನೆರಡು ಹಾಡು. ಅರ್ಧಕ್ಕಿಂತ ಹೆಚ್ಚಿನವು ಜೊತೆಗಾರರ ಕೂಡ ಕಟ್ಟಿದವು: ಕಾರ್ಲೋಸ್ ಕಶಾಸಾ, ಎಲ್ಟನ್ ಮೆದೇರೋಸ್, ದಾಲ್ಮೊ ಕಾಸ್ತೆಲೊ, ಕವಿ ಎರ್ಮೀನಿಯೊ ಬೆಲ್ಲೊ ದೆ ಕಾರ್ವಾಲ್ಯೊ. ಮಾಂಗೇರಾದ ಮುಂಜಾನೆಯ ಮೇಲಿನ ಹಾಡಿನಲ್ಲಂತೂ ಮೂರು ಜನರ ಕೈ ಇದೆ. ವಾದ್ಯದವರು ಯಾರು ಗೊತ್ತೇನು? ಏಳು ತಂತಿಯ ಗಿಟಾರಿನ ದೀನೊ, ಅವರೇ ಎಲ್ಲವನ್ನೂ ಹೊಂದಿಸಿದವರು. ಮೇರಾ ಅವರ ಗಿಟಾರ್, ಕನ್ಯೊತೊ ಅವರ ಕವಾಕಿನ್ಯೊ. ಈ ಮೂವರೂ ದಶಕಗಟ್ಟಲೆ ರೇಡಿಯೊದಲ್ಲಿ ಜೊತೆಗೆ ನುಡಿಸಿದವ್ರು. ರಾವುಲ್ ದೆ ಬಾರೋಸ್ ಅವರ ಟ್ರಾಂಬೋನ್, ಕೊಪಿನ್ಯಾ ಅವರ ಕೊಳಲು. ಎಲ್ಲಾ ಪಳಗಿದ ಕೈ. ಆದರೆ ಯಾರೂ ಮುಂದೆ ಬಂದು ಮೆರೆಯುವುದಿಲ್ಲ. ಮುದುಕರ ದನಿ ತೆಳ್ಳಗೆ, ಒಣಗಿದ್ದು, ಅದಕ್ಕೆ ಪೆಟ್ಟಾಗದ ಹಾಗೆ ಸುತ್ತ ಕೂತು ನುಡಿಸಿದ್ದಾರೆ. ದೀನೊ ಅವರ ಗಿಟಾರಿನ ಕೆಳಗಿನ ತಂತಿಗಳು ದನಿಯ ಹಿಂದೆ ಹಿಂದೆಯೇ ನಡೆಯುತ್ತವೆ, ಕತ್ತಲಲ್ಲಿ ಹಿರಿಯರ ಹಿಂದೆ ಕಂದೀಲು ಹಿಡಿದು ಹೋಗುವವರ ಹಾಗೆ. ಹಡಗಿನಲ್ಲಿ 1940ರಲ್ಲಿ ಹಾಡಿದ ಅದೇ ಸಾಂಬಾ ಈ ರೆಕಾರ್ಡಿನಲ್ಲೂ ಇದೆ. ನಡುವೆ ಮೂವತ್ತನಾಲ್ಕು ವರ್ಷ.

ಎರಡನೇ ರೆಕಾರ್ಡು 1976ರಲ್ಲಿ ಬಂತು. ಅದರ ಹೊದಿಕೆಯ ಮೇಲೆ ಮಾಂಗೇರಾದ ಮನೆಯ ಕಿಟಕಿಯಲ್ಲಿ ನಿಂತ ಗಂಡ-ಹೆಂಡತಿ. ನನಗೆ ಇದೇ ಹೆಚ್ಚು ಸೇರುತ್ತದೆ. ಮೊದಲ ಹಾಡಿನ ಹೆಸರು, ಲೋಕ ಒಂದು ಗಿರಣಿ ಅಂತ. ಮನೆಬಿಟ್ಟು ಹೊರಟ ಎಳೆಯ ಹುಡುಗಿಗೆ ಹಿರಿಯನೊಬ್ಬ ಎಚ್ಚರ ಹೇಳುವ ಹಾಡು. ಬೈಯುವುದಿಲ್ಲ, ತಡೆಯುವುದಿಲ್ಲ, ಮೆಲ್ಲಗೆ ಹೇಳುತ್ತಾರೆ. ಬೀಸುಕಲ್ಲಿನ ಮುಂದೆ ಕೂತು ನಮ್ಮ ಅವ್ವ-ಅಜ್ಜಿಯರು ಗಂಡನ ಮನೆಗೆ ಹೋಗುವ ಮಗಳಿಗೆ ಹೇಳುತ್ತಿದ್ದ ಪದ ಕೇಳಿದವರಿಗೆ ಭಾಷೆ ತಿಳಿಯದಿದ್ದರೂ ಈ ಹಾಡು ತಿಳಿಯುತ್ತದೆ. ಇದಕ್ಕೆ ಗಿಟಾರ್ ನುಡಿಸಿದವರು ಆಗಿನ್ನೂ ತರುಣರಾಗಿದ್ದ ಗಿಂಗಾ. ಹದಿಹರೆಯದಲ್ಲಿ ಮನೆಯಿಂದ ಹೊರಹಾಕಿದ ಅಪ್ಪನ ಮುಂದೆ ಕೂತು ಕಾರ್ತೋಲಾ ಇದೇ ಹಾಡು ಹಾಡುವ ಒಂದು ಚಿತ್ರೀಕರಣ ಉಳಿದಿದೆ. ಇಬ್ಬರೂ ಮುದುಕರು. ಅದನ್ನು ಮೊಬೈಲಿನಲ್ಲಿ ನೋಡ್ರಿ, ನಾನು ವಿವರಿಸುವುದಿಲ್ಲ.

ಗುಲಾಬಿ ಮಾತಾಡುವುದಿಲ್ಲ ಅನ್ನುವ ಹಾಡು ಹುಟ್ಟಿದ್ದು ಮನೆಯ ಅಂಗಳದಲ್ಲಿ ಅಂತ ಹೇಳುತ್ತಾರೆ. ನೆಟ್ಟ ಗಿಡಗಳು ಒಮ್ಮೆಲೇ ಹೂಬಿಟ್ಟದ್ದು ಕಂಡು ಝೀಕಾ ಇಷ್ಟು ಹೂವು ಯಾಕೆ ಬಂತು ಅಂತ ಕೇಳಿದಳಂತೆ. ನನಗೇನು ಗೊತ್ತು, ಅವು ಮಾತಾಡುತ್ತವೆಯೇ ಅಂತ ಇವರು ಅಂದರಂತೆ. ಆ ಮಾತೇ ಹಾಡಾಯಿತು. ಬಟ್ಟೆ ಒಗೆಯುವ ಹೆಂಗಸರ ಹಾಡೊಂದನ್ನು ಸಾಕುಮಗಳು ಕ್ರೆಯೂಜಾ ಅವರ ಜೊತೆ ಹಾಡಿದ್ದಾರೆ. ಬೆಣ್ಣೆ ಡಬ್ಬಿಗೆ ಮುಚ್ಚಿಗೆ ಬಿಗಿದ ಬೀಡೆಯ ಜೊತೆ ಕಟ್ಟಿದ ಒಂದು ಹಾಡೂ ಇದರಲ್ಲಿದೆ. ಇನ್ನೊಂದು ಹಾಡು ಕಾಂಡೇಯಾ ಅವರದು. ಮೊದಲು ಪೊಲೀಸ್ ಆಗಿದ್ದು, ಗುಂಡೇಟಿನಿಂದ ಕಾಲುಗಳ ಸ್ವಾಧೀನ ಕಳಕೊಂಡು ಗಾಲಿಕುರ್ಚಿಯಲ್ಲಿ ಕೂತು, ಸಾಂಬಾ ಶಾಲೆಗಳು ರೊಕ್ಕದವರ ಪಾಲಾಗುತ್ತಿವೆ ಅಂತ ಸಿಡಿದು 1975ರಲ್ಲಿ ಬೇರೆಯೇ ಶಾಲೆ ಕಟ್ಟಿದ ಕರಿಯರ ನಾಯಕ ಅವರು. 'ಸಿಟಿ ಆಫ್ ಗಾಡ್' ಸಿನಿಮಾ ನೋಡಿದವರು ಆ ಹಾಡನ್ನು ಕಾರ್ತೋಲಾರ ದನಿಯಲ್ಲಿ ಈಗಾಗಲೇ ಕೇಳಿರುತ್ತೀರಿ.

1977ರಲ್ಲಿ ಮೂರನೆಯದು, 1979ರಲ್ಲಿ ನಾಲ್ಕನೆಯದು ಬಂತು. ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಆಡಿತು. 1978ರಲ್ಲಿ ಗದ್ದಲ ಸಾಕಾಗಿ ಗಂಡ-ಹೆಂಡತಿ ಗುಡ್ಡದಿಂದ ದೂರದ ಜಕರೆಪಗ್ವಾಕ್ಕೆ ಮನೆ ಬದಲಿಸಿದರು. ಅಷ್ಟರಲ್ಲಿ ಕ್ಯಾನ್ಸರ್ ಹಿಡಿದಿತ್ತು. 1980ರ ನವೆಂಬರ್ 30ರಂದು, 72ನೇ ವಯಸ್ಸಿನಲ್ಲಿ ಕಾರ್ತೋಲಾ ತೀರಿಕೊಂಡರು. ಕಾರ್ಲೋಸ್ 1999ರವರೆಗೆ, ಝೀಕಾ 2003ರವರೆಗೆ ಬದುಕಿದ್ದರು. ಅಣ್ಣಾಭಾವು ಸಾಠೆಯವರಂತೆ ಇವರೂ ಜೋಪಡಪಟ್ಟಿಯಲ್ಲಿ ಬದುಕಿ ಬರೆದವರು. ಆದರೆ ಅಣ್ಣಾಭಾವು ಐವತ್ತೂ ತುಂಬದೆ ಹೋದರು, ಇವರಿಗೆ ತಮ್ಮ ಹೆಸರಿನ ರೆಕಾರ್ಡು ಕೈಯಲ್ಲಿ ಹಿಡಿದು ನೋಡುವಷ್ಟು ಆಯುಷ್ಯ ಸಿಕ್ಕಿತು.

 ತನ್ನ ಅಂತ್ಯಯಾತ್ರೆಗೆ ಢೋಲು ಬಾರಿಸಬೇಕು ಅಂತ ಕಾರ್ತೋಲಾ ಮೊದಲೇ ಹೇಳಿಟ್ಟಿದ್ದರು. ಮಾಂಗೇರಾದ ವಾಲ್ದೆಮಿರೊ ಅನ್ನುವ ವಾದ್ಯದವರು ಹೆಣದ ಜೊತೆ ನಡೆಯುತ್ತಾ ದೊಡ್ಡ ಢೋಲನ್ನು ಬಾರಿಸಿದರು, ಗುಲಾಬಿಯ ಹಾಡಿನ ತಾಳಕ್ಕೆ.